ಬಾಸ್‌ವುಡ್ಡಿಗೆ ಕನ್ನಡವೇನು? ಲಿಂಡೆನ್, ತಡಸಲು, ಹಾಲೆ: ಮರದ ಹೆಸರುಗಳನ್ನು ಕುರಿತ ಒಂದು ವಿವೇಚನೆ

1. ಪ್ರಶ್ನೆಯ ಸ್ವರೂಪ

ಮರಗಳ ಹೆಸರನ್ನು ಕುರಿತ ಚರ್ಚೆ ಕನ್ನಡದಲ್ಲಿ ಸಾಮಾನ್ಯವಾಗಿ ನಿಘಂಟಿನಿಂದ ಆರಂಭವಾಗಿ ನಿಘಂಟಿನಲ್ಲಿಯೇ ಮುಗಿಯುತ್ತದೆ. ಒಂದು ಇಂಗ್ಲಿಷ್ ಪದ, ಅದರ ಎದುರಿಗೆ ಒಂದು ಕನ್ನಡ ಪದ. ಅಷ್ಟಾದರೆ ಕೆಲಸ ಮುಗಿಯಿತೆಂಬ ಭಾವನೆ ಉಂಟಾಗುತ್ತದೆ. ರಾಜ್ಯದ ಹೊರಗಿದ್ದು ಕನ್ನಡ ಸಾಮಗ್ರಿಯನ್ನು ಬಳಸುವ ಸಂಶೋಧಕರಿಗೆ ಈ ಸಮೀಕರಣ ಎಷ್ಟು ಅಪಾಯಕಾರಿಯಾಗಬಲ್ಲದು ಎಂಬುದನ್ನು ಒಂದೇ ಒಂದು ಉದಾಹರಣೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಉದಾಹರಣೆ 'ಬಾಸ್‌ವುಡ್' ಎಂಬ ಮರ.

ಪುಣೆಯ ವಾಯವ್ಯಕ್ಕಿರುವ ವಾಕಡ ಒಂದು ಕಾಲಕ್ಕೆ ಮುಳಾ ನದಿಯ ದಂಡೆಯ ಹಳ್ಳಿ. ಇಂದು ಹಿಂಜವಡಿಯ ಮಾಹಿತಿ ತಂತ್ರಜ್ಞಾನ ಕೇಂದ್ರಕ್ಕೆ ಹೊಂದಿಕೊಂಡು, ಮುಂಬಯಿ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ ಬೆಳೆದಿರುವ ಬಡಾವಣೆ. ಉದ್ಯೋಗಕ್ಕಾಗಿ ಇಲ್ಲಿಗೆ ಬಂದ ಕನ್ನಡಿಗರು ಒಂದೇ ಸೀಮೆಯವರಲ್ಲ; ಕರಾವಳಿ, ಹಳೆಯ ಮೈಸೂರು, ಧಾರವಾಡ, ಕಲಬುರಗಿ ಈ ಎಲ್ಲ ಕಡೆಯ ಮಾತುಗಳೂ ಒಂದೇ ಗೃಹಸಂಕೀರ್ಣದಲ್ಲಿ ಕೂಡುತ್ತವೆ, ಮರಾಠಿಯೊಡನೆ ಬೆರೆಯುತ್ತವೆ. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಮಾದರಿ ಮನೆ ಕಟ್ಟಲು ಕೊಳ್ಳುವ ತೆಳುವಾದ ಬಿಳಿಯ ಹಲಗೆ ಬಾಸ್‌ವುಡ್. ಮಕ್ಕಳ ಕೈಯಲ್ಲಿರುವ ಚನ್ನಪಟ್ಟಣದ ಬೊಂಬೆ ಹಾಲೆ ಮರದ್ದು. ಪುಣೆಯ ರಸ್ತೆಬದಿಗಳಲ್ಲಿ ಧಾರಾಳವಾಗಿ ನೆಟ್ಟಿರುವ ಮರ ಮರಾಠಿಯ 'ಸಾತವೀಣ', ಮಂಗಳೂರಿನ ಕಡೆಯವರಿಗೆ ಅದೂ 'ಹಾಲೆ'. ಬಾಸ್‌ವುಡ್ಡನ್ನು ಕನ್ನಡದಲ್ಲಿ ಏನೆನ್ನಬೇಕೆಂಬ ಪ್ರಶ್ನೆ ಇಂತಹ ನೆಲೆಯಲ್ಲಿ ಸಹಜವಾಗಿ ಹುಟ್ಟುತ್ತದೆ. ಉತ್ತರ ಮಾತ್ರ ಒಂದೇ ಪದದಲ್ಲಿ ಸಿಕ್ಕುವುದಿಲ್ಲ.

2. ಬಾಸ್‌ವುಡ್, ಲಿಂಡೆನ್, ಲೈಮ್

ಬಾಸ್‌ವುಡ್ ಎಂಬುದು ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಬೆಳೆಯುವ, ಹೃದಯಾಕಾರದ ದೊಡ್ಡ ಎಲೆಗಳ ಎತ್ತರದ ಮರ. ಇದರ ಶಾಸ್ತ್ರೀಯ ನಾಮ ಟೀಲಿಯಾ ಅಮೆರಿಕಾನಾ. ಹೆಸರಿನ ಮೊದಲ ಭಾಗವು ಮರದ ಒಳತೊಗಟೆಯ ನಾರನ್ನು ಸೂಚಿಸುವ ಹಳೆಯ ಇಂಗ್ಲಿಷ್ ಶಬ್ದದಿಂದ ಬಂದಿದೆ. ಒಳತೊಗಟೆಯನ್ನು ಸುಲಿದು, ನೀರಿನಲ್ಲಿ ಕೊಳೆಯಿಸಿ, ನಾರು ಬಿಡಿಸಿ ಹಗ್ಗ ಹೊಸೆಯುವುದು ಅಮೆರಿಕದ ಮೂಲನಿವಾಸಿಗಳಲ್ಲಿಯೂ ಯುರೋಪಿನ ರೈತರಲ್ಲಿಯೂ ಇದ್ದ ಪದ್ಧತಿ. ರಷ್ಯದ ರೈತರು ಈ ನಾರುಪಟ್ಟಿಯಿಂದಲೇ 'ಲಾಪ್ತಿ' ಎಂಬ ಪಾದರಕ್ಷೆಯನ್ನು ಹೆಣೆಯುತ್ತಿದ್ದರು. ಹೀಗಾಗಿ ಹೆಸರು ಹುಟ್ಟಿದ್ದು ತೊಗಟೆಯಿಂದ, ಖ್ಯಾತಿ ಬಂದದ್ದು ಕಟ್ಟಿಗೆಯಿಂದ.

ಕಟ್ಟಿಗೆ ಬಿಳಿಬಣ್ಣದ್ದು, ಹಗುರ, ಮೆದು. ಎಳೆಗಳು ಸಮನಾಗಿರುವುದರಿಂದ ಉಳಿ ಯಾವ ದಿಕ್ಕಿನಲ್ಲಿ ಓಡಿದರೂ ಸುಲಭವಾಗಿ ಸೀಳುವುದಿಲ್ಲ. ಒಣಗಿದ ಮೇಲೆ ವಾಸನೆಯಾಗಲಿ ರುಚಿಯಾಗಲಿ ಉಳಿಯದ ಕಾರಣ ಆಹಾರದ ಪೆಟ್ಟಿಗೆಗಳಿಗೂ ಜೇನುಹಟ್ಟಿನ ಚೌಕಟ್ಟುಗಳಿಗೂ ಒದಗಿತು. ಯುರೋಪಿನಲ್ಲಿ ಇದೇ ಕುಲದ ಮರಗಳಿಂದ ಜರ್ಮನಿಯ ಟಿಲ್ಮನ್ ರೀಮೆನ್‌ಶ್ನೈಡರ್ 15–16ನೇ ಶತಮಾನಗಳಲ್ಲಿ ಚರ್ಚುಗಳ ಬಲಿಪೀಠಗಳನ್ನು ಕೆತ್ತಿದನು; ಗ್ರಿನ್ಲಿಂಗ್ ಗಿಬನ್ಸ್ 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹೂಬಳ್ಳಿಗಳ ಸೂಕ್ಷ್ಮ ಕೆತ್ತನೆಗೆ ಇದನ್ನೇ ಆರಿಸಿದನು. ರಷ್ಯದ 'ಮಾತ್ರ್ಯೋಷ್ಕಾ' ಬೊಂಬೆ, ಒಂದರೊಳಗೊಂದು ಅಡಗುವ ಗೊಂಬೆಗಳ ಸಾಲು, 1890ರ ದಶಕದಿಂದ ಈ ಕಟ್ಟಿಗೆಯನ್ನು ಲೇತ್‌ಗೆ ಕೊಟ್ಟು ಕಡೆದೇ ತಯಾರಾಗುತ್ತಿದೆ.

ಜರ್ಮನರಿಗೆ ಇದು 'ಲಿಂಡೆ', ಸ್ವೀಡನ್ನಿನವರಿಗೆ 'ಲಿಂಡ್', ಸ್ಲಾವಿಕ್ ಭಾಷೆಗಳಲ್ಲಿ 'ಲೀಪಾ'. ಪೋಲಿಷ್ ಭಾಷೆಯಲ್ಲಿ ಜುಲೈ ತಿಂಗಳಿಗೆ ಹೆಸರು ಬಂದಿರುವುದು ಈ ಮರ ಹೂಬಿಡುವುದರಿಂದ. ಸಸ್ಯಗಳಿಗೆ ಎರಡು ಪದಗಳ ನಾಮಕರಣ ಪದ್ಧತಿಯನ್ನು ನೆಲೆಗೊಳಿಸಿದ ಕಾರ್ಲ್ ಲಿನೇಯಸ್‌ನ (1707–1778) ಮನೆತನದ ಹೆಸರೂ ಈ ಮರದಿಂದಲೇ ಬಂದುದು. ಅವನ ತಂದೆ ತಮ್ಮ ಜಮೀನಿನಲ್ಲಿದ್ದ ದೊಡ್ಡ ಲಿಂಡೆನ್ ಮರವನ್ನು ನೆನೆದು ಆ ಹೆಸರನ್ನು ಇಟ್ಟುಕೊಂಡಿದ್ದನು.

ಬ್ರಿಟಿಷರು ಇದೇ ಮರವನ್ನು 'ಲೈಮ್' ಎನ್ನುತ್ತಾರೆ. ಕನ್ನಡ ಅನುವಾದಕನ ಮೊದಲ ಎಡವು ಇಲ್ಲಿ. ಇದು ಹಳೆಯ ಇಂಗ್ಲಿಷಿನ 'ಲಿಂಡ್' ಸವೆದು ಉಳಿದ ರೂಪ. ಹಣ್ಣಿನ ಹೆಸರಾದ 'ಲೈಮ್' ಅರಬ್ಬಿಯಿಂದ ಬಂದ ಬೇರೆಯೇ ಶಬ್ದ. ಇಂಗ್ಲಿಷ್ ಕಾದಂಬರಿಯೊಂದರ ಹಳ್ಳಿಮನೆಯ ಮುಂದಿನ ಲೈಮ್ ಸಾಲನ್ನು 'ನಿಂಬೆ ಮರಗಳ ಸಾಲು' ಎಂದು ಕನ್ನಡಿಸಿದರೆ ಓದುಗನ ಕಣ್ಣೆದುರಿಗೆ ಮೂವತ್ತು ಮೀಟರಿನ ಮರಗಳ ಬದಲು ಮುಳ್ಳಿನ ಗಿಡಗಳು ನಿಲ್ಲುತ್ತವೆ.

3. ರಕ್ತಸಂಬಂಧ: ತಡಸಲು

ಟೀಲಿಯಾ ಕುಲದ ಮರ ದಕ್ಷಿಣ ಭಾರತದಲ್ಲಿ ಸಹಜವಾಗಿ ಬೆಳೆಯುವುದಿಲ್ಲ. ಆದರೆ ಅದರ ನೆಂಟನೊಬ್ಬ ಪಶ್ಚಿಮಘಟ್ಟದಲ್ಲಿದ್ದಾನೆ. ಗ್ರೀವಿಯಾ ಟಿಲಿಯಿಫೋಲಿಯಾ ಎಂಬ ಶಾಸ್ತ್ರೀಯ ನಾಮದ ಅರ್ಥವೇ 'ಟೀಲಿಯಾದಂತಹ ಎಲೆಯುಳ್ಳದ್ದು' ಎಂದು. ಕನ್ನಡದಲ್ಲಿ ಇದು ತಡಸಲು ಅಥವಾ ದಡಸಲು, ಮರಾಠಿಯಲ್ಲಿ 'ಧಾಮಣ'. ಮರಾಠಿಯಲ್ಲಿ ಕೇರೆಹಾವಿಗೂ ಧಾಮಣ ಎಂದೇ ಹೆಸರಿರುವುದನ್ನು ಜಾನಪದ ಸಾಮಗ್ರಿಯನ್ನು ಓದುವವರು ಗಮನದಲ್ಲಿಡಬೇಕು.

ಎರಡೂ ಕುಲಗಳನ್ನು ದೀರ್ಘಕಾಲ 'ಟಿಲಿಯೇಸಿ' ಎಂಬ ಒಂದೇ ಕುಟುಂಬದಲ್ಲಿ ಇರಿಸಲಾಗಿತ್ತು. 1998ರಿಂದ ಪ್ರಕಟವಾಗುತ್ತ ಬಂದಿರುವ, ಅನುವಂಶೀಯ ಸಾಕ್ಷ್ಯವನ್ನು ಆಧರಿಸಿದ ವರ್ಗೀಕರಣದಲ್ಲಿ ಆ ಕುಟುಂಬ ಹತ್ತಿ, ಬೆಂಡೆ, ಬೂರುಗಗಳಿರುವ 'ಮಾಲ್ವೇಸಿ'ಯಲ್ಲಿ ಲೀನವಾಗಿದೆ. ಹಳೆಯ ಗ್ರಂಥಗಳಲ್ಲಿ ಟಿಲಿಯೇಸಿ ಎಂದು ಕಂಡರೆ ಅದನ್ನು ತಪ್ಪೆನ್ನಬೇಕಿಲ್ಲ. ಅದು ಆ ಕಾಲದ ತಿಳಿವಳಿಕೆ.

ಹಾಗಾದರೆ ಬಾಸ್‌ವುಡ್ಡಿಗೆ 'ತಡಸಲು' ಎಂದು ಬರೆಯಬಹುದೆ? ಕಟ್ಟಿಗೆಯನ್ನು ನೋಡಿದರೆ ಸರ್ವಥಾ ಆಗದು. ತಡಸಲಿನ ಕಟ್ಟಿಗೆ ಗಟ್ಟಿ, ಆದರೂ ಬಾಗುವಂಥದು. ಗಾಡಿಯ ಭಾಗಗಳಿಗೆ, ಉಪಕರಣಗಳ ಹಿಡಿಗಳಿಗೆ, ಹಿಂದೆ ಬಿಲ್ಲಿಗೆ ಅದು ಬಳಕೆಯಾಗುತ್ತಿತ್ತು. ಸಂಸ್ಕೃತದ 'ಧನ್ವನ' ಎಂಬ ಹೆಸರಿನಲ್ಲಿ ಆ ಬಿಲ್ಲಿನ ನೆನಪೇ ಉಳಿದಿದೆ. ಉಳಿಗೆ ಸುಲಭವಾಗಿ ಒಲಿಯುವ ಬಾಸ್‌ವುಡ್ಡಿಗೂ ಹೆದೆಯ ಸೆಳೆತವನ್ನು ತಾಳುವ ತಡಸಲಿಗೂ ಕೆಲಸದಲ್ಲಿ ಹೋಲಿಕೆಯಿಲ್ಲ. ತೊಗಟೆಯನ್ನು ನೋಡಿದರೆ ಮಾತು ಬೇರೆಯಾಗುತ್ತದೆ. ತಡಸಲಿನ ಒಳತೊಗಟೆಯಲ್ಲಿಯೂ ಲೋಳೆಯಿದೆ, ಬಲವಾದ ನಾರಿದೆ. ಅದರಿಂದಲೂ ಹಗ್ಗ ಹೊಸೆಯುತ್ತಾರೆ. ನೆಂಟಸ್ತಿಕೆ ಉಳಿದಿರುವುದು ನಾರಿನಲ್ಲಿ.

4. ಕಾಯಕಸಂಬಂಧ: ಹಾಲೆ

ಬಾಸ್‌ವುಡ್ಡಿನ ಕೆಲಸವನ್ನು ಕರ್ನಾಟಕದಲ್ಲಿ ಮಾಡುತ್ತ ಬಂದಿರುವ ಮರ ಬೇರೊಂದು. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಮೈಸೂರಿನ ದಾರಿಯಲ್ಲಿರುವ ಚನ್ನಪಟ್ಟಣದ ಬೊಂಬೆಗಳಿಗೆ 2005–06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಈ ಬೊಂಬೆಗಳ ಸಾಂಪ್ರದಾಯಿಕ ಕಟ್ಟಿಗೆ ಹಾಲೆ ಮರದ್ದು. ಶಾಸ್ತ್ರೀಯ ನಾಮ ರೈಟಿಯಾ ಟಿಂಕ್ಟೋರಿಯಾ. ಈಗ ರಬ್ಬರ್ ಮರ, ತೇಗ ಮೊದಲಾದವೂ ಬಳಕೆಗೆ ಬಂದಿವೆ. ಹಾಲೆ ಸಣ್ಣ ಪ್ರಮಾಣದ ಮರ. ಎಲೆಯುದುರಿಸುವ ಕಾಡುಗಳಲ್ಲಿ ಬೆಳೆಯುತ್ತದೆ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಎಲೆ, ತೊಗಟೆ ಎಲ್ಲಿ ಗೀರಿದರೂ ಹಾಲು ಒಸರುತ್ತದೆ. ಕಟ್ಟಿಗೆ ದಂತದಂತೆ ಬಿಳುಪು, ಎಳೆ ನವಿರು. ಮಲೆಯಾಳದಲ್ಲಿ ಇದಕ್ಕೆ 'ದಂತಪ್ಪಾಲ' ಎಂಬ ಹೆಸರಿರುವುದು ಅರ್ಥಪೂರ್ಣ. ಶಾಸ್ತ್ರೀಯ ನಾಮದ ಎರಡನೆಯ ಪದಕ್ಕೆ ಕಾರಣ ಕಟ್ಟಿಗೆಯಲ್ಲ, ಎಲೆ: ಅದರಿಂದ ನೀಲಿಯ ಬಣ್ಣವನ್ನು ತೆಗೆಯಬಹುದೆಂಬುದನ್ನು ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರೋ ವಿವರಿಸಿದ್ದನು.

ಕಟ್ಟಿಗೆಯನ್ನು ಕೆಲವು ತಿಂಗಳು ಒಣಗಿಸಿ, ತುಂಡರಿಸಿ, ಲೇತ್‌ನಲ್ಲಿ ಕಡೆದು ರೂಪ ಕೊಡುತ್ತಾರೆ. ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಶಾಖಕ್ಕೆ ಅರಗು ಕರಗಿ ಮೇಲ್ಮೈಗೆ ಹತ್ತುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ.

ಈ 'ತಾಳೆಗರಿ' ಎಂಬ ಮಾತು ಹಸ್ತಪ್ರತಿಗಳ ಪರಿಚಯವುಳ್ಳ ಯಾರನ್ನೂ ದಾರಿ ತಪ್ಪಿಸಬಲ್ಲದು. ಓಲೆಯ ಪ್ರತಿಗಳಿಗೆ ಬಳಸಿದ ತಾಳೆ ತಾಳವೃಕ್ಷದ ಜಾತಿಯದು. ಚನ್ನಪಟ್ಟಣದಲ್ಲಿ ಹೊಳಪಿಗೆ ಬಳಸುವುದು ಕೇದಗೆಯ ಎಲೆ. 'ತಾಳೆ ಹೂ' ಎಂದರೆ ಕೇದಗೆಯ ಹೂ ಎಂಬುದನ್ನು ನೆನೆದರೆ ಗೊಂದಲ ಬಗೆಹರಿಯುತ್ತದೆ.

ಸವಾಲು ಹಾಲೆ ಎಂಬ ಹೆಸರಿನಲ್ಲಿಯೇ ಇದೆ. ಅದು ಒಂದೇ ಮರಕ್ಕೆ ಸೇರಿದುದಲ್ಲ.

5. ಹಾಲಿನ ಮರಗಳು

ತಮಿಳಿನ 'ಪಾಲೈ', ಮಲೆಯಾಳದ 'ಪಾಲ', ತುಳುವಿನ 'ಪಾಲೆ', ಕನ್ನಡದ 'ಹಾಲೆ' ಇವು ಒಂದೇ ಮೂಲದವು. 'ಪಾಲ್' ಎಂಬುದು 'ಹಾಲು' ಆದಂತೆ, 'ಪಾವು' 'ಹಾವು' ಆದಂತೆ, ಕನ್ನಡದಲ್ಲಿ ಪದಾದಿಯ ಪಕಾರ ಹಕಾರವಾಯಿತು. ಈ ಬದಲಾವಣೆ ಸುಮಾರು 10ನೇ ಶತಮಾನದಿಂದ ಶಾಸನಗಳಲ್ಲಿ ಕಾಣತೊಡಗಿ ನಡುಗನ್ನಡದ ಹೊತ್ತಿಗೆ ವ್ಯಾಪಕವಾಯಿತು. ದ್ವಿತ್ವದ ಪಕಾರ ಮಾತ್ರ 'ಉಪ್ಪು', 'ಕಪ್ಪು'ಗಳಲ್ಲಿರುವಂತೆ ಉಳಿಯಿತು.

ಚನ್ನಪಟ್ಟಣದ ಮರಕ್ಕೆ ಇರುವ ಮತ್ತೊಂದು ಹೆಸರು 'ಬೆಪ್ಪಾಲೆ'. ತಮಿಳಿನ 'ವೆಟ್ಪಾಲೈ' ರೂಪದೊಡನೆ ಹೋಲಿಸಿದರೆ ಇದನ್ನು 'ಬೆಳ್' ಮತ್ತು 'ಪಾಲೆ' ಎಂಬುವುಗಳ ಸಮಾಸವೆಂದು ವಿವರಿಸುವುದು ಸಮಂಜಸವಾಗಿದೆ: ಬಿಳಿಯ ಹಾಲುಮರ. 'ಬೆಳ್ದಿಂಗಳ್', 'ಬೆಳ್ಗೊಡೆ'ಗಳಲ್ಲಿರುವ 'ಬೆಳ್' ಇಲ್ಲಿಯೂ ಇದೆ. ಒಂಟಿಯಾಗಿ ನಿಂತಾಗ 'ಹಾಲೆ' ಆದ ಶಬ್ದ, ಸಮಾಸದೊಳಗೆ ದ್ವಿತ್ವದ ರಕ್ಷಣೆಯಲ್ಲಿ ತನ್ನ ಹಳೆಯ ಪಕಾರವನ್ನು ಉಳಿಸಿಕೊಂಡಿದೆ. ಇನ್ನೊಂದು ಸಮಾಸವಾದ 'ಮದ್ದಾಲೆ' (ಮದ್ದಿನ ಹಾಲೆ) ಪಕಾರದ ಸುಳಿವನ್ನೇ ತೋರುವುದಿಲ್ಲ. ಆ ಸಮಾಸ ನಂತರದ್ದೆಂದು ಊಹಿಸಲು ಇದು ಅವಕಾಶ ಕೊಡುತ್ತದೆ. ಮರದ ಹೆಸರೊಂದು ಭಾಷೆಯ ಚರಿತ್ರೆಗೆ ಸಾಕ್ಷಿ ನುಡಿಯುವ ಬಗೆ ಇದು.

ಮದ್ದಾಲೆ ಬೇರೆಯ ಮರ, ಆಲ್‌ಸ್ಟೋನಿಯಾ ಸ್ಕಾಲಾರಿಸ್. ಗೆಣ್ಣಿನ ಸುತ್ತ ಏಳರ ಆಸುಪಾಸಿನ ಎಲೆಗಳ ಚಕ್ರವಿರುವುದರಿಂದ ಸಂಸ್ಕೃತದಲ್ಲಿ 'ಸಪ್ತಪರ್ಣ'. ಕರಾವಳಿಯಲ್ಲಿ 'ಹಾಲೆ' ಎಂದಷ್ಟೇ ಹೇಳಿದರೆ ಈ ಮರವೇ ನೆನಪಿಗೆ ಬರುವುದು. ಇದರ ಕಟ್ಟಿಗೆಯೂ ಬಿಳಿ, ಮೆದು, ಹಗುರ. ಬರೆಯುವ ಹಲಗೆಗಳಿಗೆ ಬಳಸುತ್ತಿದ್ದುದರಿಂದಲೇ ಶಾಸ್ತ್ರೀಯ ನಾಮದಲ್ಲಿ ಶಾಲೆಯ ಸೂಚನೆಯಿದೆ. ವಿಶ್ವಭಾರತಿಯ ಘಟಿಕೋತ್ಸವದಲ್ಲಿ ಪದವೀಧರರಿಗೆ ಕೊಡುವ ಎಲೆ ಇದೇ ಮರದ್ದು. ಕೋಶಕಾರ ಅಮರಸಿಂಹ ಇದಕ್ಕೆ ಕೊಟ್ಟಿರುವ ಹೆಸರುಗಳಲ್ಲಿ 'ಶಾರದ' ಎಂಬುದೊಂದು. ಶರತ್ಕಾಲದಲ್ಲಿ ಹೂಬಿಡುವುದೇ ಅದಕ್ಕೆ ಕಾರಣ. ಈ ಹೂವಿನ ಗಾಢವಾದ ವಾಸನೆಯನ್ನು ಆನೆಯ ಮದಜಲದ ವಾಸನೆಗೆ ಹೋಲಿಸುವುದು ಕಾವ್ಯಸಮಯ. ಅದೇ ವಾಸನೆ ಇಂದು ಪುಣೆಯ ಬಡಾವಣೆಗಳಲ್ಲಿ ಅಕ್ಟೋಬರ್ ತಿಂಗಳ ರಾತ್ರಿಗಳಂದು ಕೆಲವರಿಗೆ ಹಿತವಾದರೆ, ಕೆಲವರು ತಮ್ಮ ಉಸಿರಾಟದ ತೊಂದರೆಗೆ ಅದನ್ನೇ ದೂರುತ್ತಾರೆ.

ಮೂರನೆಯದು ಹೊಲಾರ್ಹೀನಾ ಕುಲದ ಮರ. ಕನ್ನಡದಲ್ಲಿ ಕೊಡಸಿಗೆ, ಸಂಸ್ಕೃತದಲ್ಲಿ ಕುಟಜ, ತಮಿಳಿನಲ್ಲಿ 'ಕುಟಚಪ್ಪಾಲೈ'. ಆಮಶಂಕೆಗೆ ಇದರ ತೊಗಟೆ ಆಯುರ್ವೇದದ ಪ್ರಸಿದ್ಧ ಔಷಧಿ. ಮರಾಠಿಯಲ್ಲಿ ಕೊಡಸಿಗೆ 'ಪಾಂಢರಾ ಕುಡಾ', ಅಂದರೆ ಬಿಳಿಯ ಕುಡಾ. ಚನ್ನಪಟ್ಟಣದ ಹಾಲೆಯಾದ ರೈಟಿಯಾ 'ಕಾಳಾ ಕುಡಾ', ಅಂದರೆ ಕಪ್ಪು ಕುಡಾ. ಕನ್ನಡ ಮತ್ತು ತಮಿಳುಗಳು ಬಿಳಿಯದೆಂದು ಕರೆದ ಮರವನ್ನು ಮರಾಠಿ ಕಪ್ಪೆಂದು ಕರೆಯುತ್ತದೆ. ಇದರಲ್ಲಿ ವಿರೋಧವೇನೂ ಇಲ್ಲ. ಕನ್ನಡದ ಹೆಸರು ಹಾಲುಮರಗಳ ಗುಂಪಿನೊಳಗೆ ಹುಟ್ಟಿದ್ದು. ಮರಾಠಿಯ ಹೆಸರು ವೈದ್ಯರ ಸಿತಕುಟಜ, ಅಸಿತಕುಟಜ ಎಂಬ ಜೋಡಿಯೊಡನೆ ಹೊಂದುತ್ತದೆ. ಒಂದು ಹೆಸರಿನ ಅರ್ಥ ಅದರ ಪಕ್ಕದಲ್ಲಿ ನಿಂತಿರುವ ಇನ್ನೊಂದು ಹೆಸರನ್ನು ಅವಲಂಬಿಸಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

6. ಹೆಸರು ತಪ್ಪಿದರೆ ಆಗುವುದೇನು?

ಇದು ಕೇವಲ ಶಬ್ದಗಳ ಕುತೂಹಲವಲ್ಲ. ಮೂರು ಕ್ಷೇತ್ರಗಳಲ್ಲಿ ಇದರ ಪರಿಣಾಮವನ್ನು ಕಾಣಬಹುದು.

ಮೊದಲನೆಯದು ಕರಕುಶಲದ ಅಧ್ಯಯನ. ಹಳೆಯ ಮೈಸೂರಿನ ಆಡುಮಾತಿನಲ್ಲಿ ಪದಾದಿಯ ಹಕಾರ ಜಾರುವುದರಿಂದ 'ಹಾಲೆ' 'ಆಲೆ'ಯಾಗುತ್ತದೆ. ಇದನ್ನು ರೋಮನ್ ಅಕ್ಷರಗಳಲ್ಲಿ, ದೀರ್ಘದ ಗುರುತಿಲ್ಲದೆ ಬರೆದರೆ ಆಲದ ಮರವೆಂದು ಓದುವವರುಂಟು. ಕಬ್ಬಿನ ಗಾಣವೂ 'ಆಲೆ'ಯೇ. ಸರಿಯಾಗಿ 'ಹಾಲೆ' ಎಂದು ಓದಿದವರೂ ನಿಘಂಟಿನಲ್ಲಿ ಮೊದಲು ಕಂಡ ಆಲ್‌ಸ್ಟೋನಿಯಾವನ್ನು ಹಿಡಿದು ಚನ್ನಪಟ್ಟಣದ ಬೊಂಬೆಗಳನ್ನು ಸಪ್ತಪರ್ಣದವೆಂದು ಬರೆಯಬಹುದು. ಎರಡೂ ಮೆದುವಾದ ಬಿಳಿಯ ಕಟ್ಟಿಗೆಗಳಾದ್ದರಿಂದ ತಪ್ಪು ತಪ್ಪೆಂದು ತೋರುವುದೂ ಇಲ್ಲ. ಯಾವ ಮರವನ್ನು ನೆಟ್ಟು ಬೆಳೆಸಬೇಕು, ಕಸುಬುದಾರನಿಗೆ ಯಾವುದನ್ನು ಒದಗಿಸಬೇಕು ಎಂಬ ನಿರ್ಧಾರಗಳು ಇಂತಹ ಬರಹವನ್ನು ನೆಚ್ಚಿದರೆ ನಷ್ಟ ಕಸುಬುದಾರನದು.

ಎರಡನೆಯದು ಔಷಧ. ಕೊಡಸಿಗೆಯ ತೊಗಟೆಯೆಂದು ರೈಟಿಯಾದ ತೊಗಟೆಯನ್ನು ಮಾರುವುದು ಮೂಲಿಕೆಗಳ ವ್ಯಾಪಾರದಲ್ಲಿ ಬಹುಕಾಲದಿಂದ ತಿಳಿದಿರುವ ಕಲಬೆರಕೆ. ಬೀಜಗಳಲ್ಲಿಯೂ ಹಾಗೆಯೇ, ಕಹಿಯ ಇಂದ್ರಜವ ಕೊಡಸಿಗೆಯದು, ಸಿಹಿಯದೆಂಬುದು ರೈಟಿಯಾದ್ದು. ಜೋಡಿಕಾಯಿಗಳು ಎಳೆಯವಿದ್ದಾಗ ತುದಿಯಲ್ಲಿ ಕೂಡಿಕೊಂಡಿದ್ದರೆ ಅದು ರೈಟಿಯಾ, ಬಿಡಿಯಾಗಿ ತೂಗುತ್ತಿದ್ದರೆ ಕೊಡಸಿಗೆ. ಮರದ ಬುಡದಲ್ಲಿ ನಿಂತವನಿಗೆ ಈ ಗುರುತು ಸಾಕು. ಒಣಗಿದ ತೊಗಟೆಯ ಚೂರಿನಲ್ಲಿ ಅದು ಕಾಣುವುದಿಲ್ಲ.

ಮೂರನೆಯದು ಆಚರಣೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ, ಬೆಳಕು ಹರಿಯುವ ಮೊದಲೇ, ಪಾಲೆಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಕುಡಿಯುತ್ತಾರೆ. ಕತ್ತಲಲ್ಲಿ ಪಾಲೆಯೆಂದು ಕಾಸರಕದ ತೊಗಟೆಯನ್ನು ತಂದು ಕುಡಿದವರು ಅಸ್ವಸ್ಥರಾದ ಪ್ರಸಂಗಗಳು ಕರಾವಳಿಯಿಂದ ವರದಿಯಾಗಿವೆ. ಕಾಸರಕದಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಪ್ರಬಲ ವಿಷಗಳಿವೆ. ಮರವನ್ನು ಹಗಲಲ್ಲಿಯೇ ನೋಡಿ ಗುರುತು ಮಾಡಿಟ್ಟುಕೊಳ್ಳುವ ಹಿರಿಯರ ಎಚ್ಚರಕ್ಕೆ ಇದೇ ಕಾರಣ. ಊರು ಬಿಟ್ಟು ನಗರ ಸೇರಿದ ಕುಟುಂಬಗಳಲ್ಲಿ ಆಚರಣೆ ಉಳಿದು ಗುರುತು ಅಳಿದರೆ ಅಪಾಯ ಹೆಚ್ಚು. 'ಹಾಲೆ' ಎಂಬ ಹೆಸರನ್ನಷ್ಟೇ ನೆಚ್ಚಿ ಯಾರೂ ಯಾವ ತೊಗಟೆಯನ್ನೂ ಕುಡಿಯಬಾರದು ಎಂಬ ಮಾತನ್ನು ಭಾಷಾಸಂಶೋಧನೆಯ ಪುಟದಲ್ಲಿಯೂ ಬರೆಯುವುದು ಅವಶ್ಯ.

ಪ್ರಾಚೀನರಿಗೆ ಈ ತಿಳಿವು ಇತ್ತು. 14ನೇ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ' ವಿಷವೈದ್ಯದ ಕಾವ್ಯ. ಅಂತಹ ಗ್ರಂಥದಲ್ಲಿ ಗಿಡದ ಹೆಸರು ತಪ್ಪಿದರೆ ಪ್ರಾಣವೇ ಹೋಗುತ್ತದೆ. ಚಂಪೂಕಾವ್ಯಗಳ ವನವರ್ಣನೆಯಲ್ಲಿ ಬರುವ ಮರಗಳ ಪಟ್ಟಿಯ ನೆಲೆ ಬೇರೆ. ಅಲ್ಲಿ ಪ್ರಾಸಕ್ಕೂ ಛಂದಸ್ಸಿಗೂ ಪ್ರಾಧಾನ್ಯ. ಒಂದೇ ಕಾಡಿನಲ್ಲಿ ಬೆಳೆಯದ ಮರಗಳು ಒಂದೇ ಪದ್ಯದಲ್ಲಿ ಬೆಳೆಯಬಹುದು. ಆದ್ದರಿಂದ ಸಸ್ಯನಾಮಗಳಿಗೆ ಹಳೆಯ ಸಾಹಿತ್ಯವನ್ನು ಆಧಾರವಾಗಿ ಹಿಡಿಯುವಾಗ ಕವಿಯ ಪಟ್ಟಿಗಿಂತ ವೈದ್ಯನ ಪಟ್ಟಿಗೆ ಹೆಚ್ಚು ತೂಕ ಕೊಡಬೇಕು.

7. ಸಮಾಜಸಂಬಂಧ: ಕಟ್ಟೆಯ ಮರ

ರಕ್ತಸಂಬಂಧದಿಂದ ತಡಸಲು, ಕಾಯಕಸಂಬಂಧದಿಂದ ಹಾಲೆ. ಇವೆರಡರ ಜೊತೆಗೆ ಸಮಾಜಸಂಬಂಧವೆಂಬುದೂ ಇದೆ. ಜರ್ಮನಿಯ ಹಳ್ಳಿಗಳ ನಡುವಿನ ಲಿಂಡೆನ್ ಮರದ ಕೆಳಗೆ ಜನ ಕೂಡುತ್ತಿದ್ದರು, ಕುಣಿಯುತ್ತಿದ್ದರು. ಎಷ್ಟೋ ಕಡೆ ನ್ಯಾಯತೀರ್ಮಾನವೂ ಅದರ ನೆರಳಲ್ಲಿಯೇ ನಡೆಯುತ್ತಿತ್ತು. ಕನ್ನಡ ಓದುಗನಿಗೆ ಇದನ್ನು ತಿಳಿಸಬಲ್ಲ ಮಾತು 'ಅರಳಿಕಟ್ಟೆ'. ಎರಡೂ ಮರಗಳ ಎಲೆ ಹೃದಯಾಕಾರದ್ದಾಗಿರುವುದು ಕಾಕತಾಳೀಯ. ಆದರೆ ಜರ್ಮನ್ ಕವಿತೆಯೊಂದರ ಲಿಂಡೆನ್ನನ್ನು 'ಅರಳಿ' ಎಂದು ಅನುವಾದಿಸಿದರೆ ಕಟ್ಟೆ ಬಂದೀತು, ಜೊತೆಗೆ ಲಿಂಡೆನ್ನಿಗೆ ಇಲ್ಲದ ಪ್ರದಕ್ಷಿಣೆ, ನಾಗರಕಲ್ಲುಗಳೂ ಬಂದಾವು.

ಈ ಮೂರೂ ಸಂಬಂಧಗಳು ನಿಜವಾದವು. ಅವುಗಳಲ್ಲಿ ಯಾವುದೂ ಸಮಾನಪದವಾಗುವ ಅರ್ಹತೆಯನ್ನು ಪಡೆದಿಲ್ಲ. ಸೂಕ್ತವಾದ ಮಾರ್ಗವೆಂದರೆ 'ಲಿಂಡೆನ್' ಮತ್ತು 'ಬಾಸ್‌ವುಡ್' ಪದಗಳನ್ನು ಹಾಗೆಯೇ ಉಳಿಸಿಕೊಂಡು, ಪ್ರಸಂಗಕ್ಕೆ ತಕ್ಕ ಹೋಲಿಕೆಯನ್ನು ವಾಕ್ಯದೊಳಗೆ ತರುವುದು: ಕೆತ್ತನೆಯ ಪ್ರಸಂಗದಲ್ಲಿ 'ನಮ್ಮ ಬೆಪ್ಪಾಲೆಯಂತಹ ಬಿಳಿಯ ಮೆದುಮರ', ನಾರಿನ ಪ್ರಸಂಗದಲ್ಲಿ 'ತಡಸಲಿನಂತೆ ಹಗ್ಗಕ್ಕೆ ಒದಗುವ ಮರ', ಊರಿನ ಪ್ರಸಂಗದಲ್ಲಿ 'ಅರಳಿಕಟ್ಟೆಯಂತೆ ಜನ ಕೂಡುವ ಮರ'.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರನಾಡ ಸಂಶೋಧಕರಿಗೆ ಉಪಯುಕ್ತವಾಗುವ ಕೆಲವು ಸೂಚನೆಗಳನ್ನು ಹೀಗೆ ಸಂಗ್ರಹಿಸಬಹುದು. ಮರದ ಹೆಸರನ್ನು ದಾಖಲಿಸುವಾಗ ಹೆಸರಿನೊಂದಿಗೆ ಅದು ಕೇಳಿಬಂದ ಊರನ್ನೂ ಹೇಳಿದವರ ಕಸುಬನ್ನೂ ಬರೆಯಬೇಕು. ಬೊಂಬೆ ಕಡೆಯುವವನ ಹಾಲೆ, ಕಷಾಯ ಕುದಿಸುವವಳ ಹಾಲೆ ಬೇರೆ ಬೇರೆ. ಶಾಸ್ತ್ರೀಯ ನಾಮವನ್ನು ಕೊಡುವಾಗ ಅದನ್ನು ಪಡೆದ ಗ್ರಂಥದ ಕಾಲವನ್ನು ಸೂಚಿಸಬೇಕು, ಏಕೆಂದರೆ ಆ ನಾಮಗಳೂ ಸ್ಥಿರವಲ್ಲ: ಹಳೆಯ ಪುಸ್ತಕಗಳ ಹೊಲಾರ್ಹೀನಾ ಆಂಟಿಡಿಸೆಂಟೆರಿಕಾ ಇಂದಿನ ಗ್ರಂಥಗಳಲ್ಲಿ ಹೊಲಾರ್ಹೀನಾ ಪ್ಯೂಬೆಸೆನ್ಸ್ ಆಗಿದೆ. ರೋಮನ್ ಲಿಪ್ಯಂತರದಲ್ಲಿ ದೀರ್ಘಗಳನ್ನು ಗುರುತಿಸಬೇಕು. ನೆರೆಭಾಷೆಯ ಹೆಸರನ್ನು ಜೊತೆಗಿಟ್ಟು ನೋಡಬೇಕು. ಬೆಪ್ಪಾಲೆಯ ಬಿಳುಪೂ ಕಾಳಾ ಕುಡಾದ ಕಪ್ಪೂ ಒಂದನ್ನೊಂದು ವಿವರಿಸುತ್ತವೆ.

ವಾಕಡದಂತಹ ಬಡಾವಣೆಗಳು ಈ ಕೆಲಸಕ್ಕೆ ಅನುಕೂಲವಾದ ಕ್ಷೇತ್ರಗಳು. ಬೇರೆ ಬೇರೆ ಸೀಮೆಗಳ ಕನ್ನಡಿಗರು ಒಂದೇ ಸಾತವೀಣ ಮರದ ಕೆಳಗೆ ನಿಂತು ಅದಕ್ಕೆ ಬೇರೆ ಬೇರೆ ಹೆಸರು ಹೇಳುವಾಗ, ಊರುಗಳಲ್ಲಿ ಹತ್ತು ತಿಂಗಳು ಸುತ್ತಿ ಕೂಡಿಸಬೇಕಾದ ಸಾಮಗ್ರಿಯ ಒಂದು ಪಾಲು ಒಂದೇ ಸಂಜೆ ಕಿವಿಗೆ ಬೀಳಬಹುದು. ಅಲ್ಲಿ ಹುಟ್ಟಿ ಬೆಳೆಯುವ ಮಕ್ಕಳು ಮರವನ್ನು ಸಾತವೀಣ ಎಂದೇ ಕರೆಯುವರು; ಅದರಲ್ಲಿ ವ್ಯಥೆಪಡುವಂಥದೇನೂ ಇಲ್ಲ. ಹಿರಿಯರಿಗೆ ನೆನಪಿರುವ ಹೆಸರುಗಳನ್ನು, ಅವರ ಊರು ಮತ್ತು ಕಸುಬುಗಳ ಸಹಿತ, ಅವರಿರುವಾಗಲೇ ಬರೆದಿಟ್ಟುಕೊಳ್ಳುವುದು ಈಗ ಆಗಬೇಕಾದ ಕೆಲಸ.